ಮಾಡಿನ ಇಳಿಜಾರು ಬೇರೆ, ಹಿತ್ತಿಲ ಬಾಗಿಲು ಬೇರೆ: ಫಾಸ್ಟ್‌ಬ್ಯಾಕ್ ಮತ್ತು ಹ್ಯಾಚ್‌ಬ್ಯಾಕ್

2024ರ ಆಗಸ್ಟ್‌ನಲ್ಲಿ ಟಾಟಾ ಕರ್ವ್‌ನ ವಿದ್ಯುತ್ ಆವೃತ್ತಿ ಮತ್ತು ಸಿಟ್ರೊಯೆನ್ ಬಸಾಲ್ಟ್ ಕೆಲವೇ ದಿನಗಳ ಅಂತರದಲ್ಲಿ ಭಾರತದ ಮಾರುಕಟ್ಟೆಗೆ ಬಂದವು. ಅದೇ ವರ್ಷದ ನವೆಂಬರಿನಲ್ಲಿ ಮಹೀಂದ್ರಾ ಎಕ್ಸ್‌ಇವಿ 9ಇ ಅನಾವರಣಗೊಂಡಿತು. ಈ ಮೂರೂ ಕಾರುಗಳ ಚಾವಣಿ ಹಿಂದಿನ ಸೀಟಿನ ಮೇಲಿಂದಲೇ ಇಳಿಯತೊಡಗಿ ಬಾಲದ ಅಂಚಿನವರೆಗೆ ಹೆಚ್ಚು ಕಡಿಮೆ ಒಂದೇ ಗೆರೆಯಲ್ಲಿ ಸಾಗುತ್ತದೆ. ಜಾಹೀರಾತುಗಳೂ ವಾಹನ ಪತ್ರಿಕೆಗಳೂ ಇವನ್ನು ‘ಕೂಪೆ ಎಸ್‌ಯುವಿ’ ಎಂದು ಕರೆದವು. ಕೂಪೆ ಎಂದರೆ ವಾಡಿಕೆಯಲ್ಲಿ ಪಕ್ಕಕ್ಕೆ ಎರಡೇ ಬಾಗಿಲುಗಳಿರುವ, ಮೊಟಕು ಮೈಯ ಕಾರು. ಈ ಮೂರಕ್ಕೂ ಪಕ್ಕದಲ್ಲಿ ನಾಲ್ಕು ಬಾಗಿಲುಗಳಿವೆ. ಹಾಗಾಗಿ ಆ ಹೆಸರಿನಿಂದ ಕಾರಿನ ಮೈಕಟ್ಟಿನ ಬಗ್ಗೆ ಕೊಳ್ಳುವವರಿಗೆ ತಿಳಿಯುವುದು ಬಹಳ ಕಡಿಮೆ. ನಿಜವಾಗಿ ತಿಳಿಸಬಲ್ಲ ಎರಡು ಹಳೆಯ ಪದಗಳು ಫಾಸ್ಟ್‌ಬ್ಯಾಕ್ ಮತ್ತು ಹ್ಯಾಚ್‌ಬ್ಯಾಕ್. ಆದರೆ ಇವೆರಡನ್ನೂ ಒಂದರ ಬದಲಿಗೆ ಇನ್ನೊಂದನ್ನು ಬಳಸುವುದು, ಅಥವಾ ಒಂದು ಕಾರು ಇವೆರಡರಲ್ಲಿ ಯಾವುದು ಎಂದು ಕೇಳುವುದು ಎಷ್ಟು ರೂಢಿಯಾಗಿದೆಯೆಂದರೆ, ಆ ಪ್ರಶ್ನೆಯೇ ತಪ್ಪು ಎಂದು ಹೇಳುವವರು ಕಡಿಮೆ.

ಮಲೆನಾಡಿನ ಹೆಂಚಿನ ಮನೆಯೊಂದನ್ನು ನೆನಪಿಗೆ ತಂದುಕೊಳ್ಳಿ. ಅದರ ಮಾಡು ಎಷ್ಟು ಇಳಿಜಾರಾಗಿದೆ ಎಂಬುದು ಒಂದು ಸಂಗತಿ. ಆ ಮನೆಗೆ ಹಿತ್ತಿಲ ಬಾಗಿಲು ಇದೆಯೇ, ಇದ್ದರೆ ಅದು ಎಷ್ಟು ದೊಡ್ಡದು ಎಂಬುದು ಇನ್ನೊಂದು ಸಂಗತಿ. ಮಾಡನ್ನು ನೋಡಿ ಬಾಗಿಲನ್ನು ಊಹಿಸುವಂತಿಲ್ಲ. ಕಾರಿನ ವಿಷಯದಲ್ಲೂ ಹೀಗೆಯೇ. ಫಾಸ್ಟ್‌ಬ್ಯಾಕ್ ಎಂಬುದು ಮಾಡಿನ ಆಕಾರದ ಹೆಸರು: ಚಾವಣಿಯ ಗೆರೆ ಎಲ್ಲಿಯೂ ಮೆಟ್ಟಿಲಿನಂತೆ ಮುರಿಯದೆ, ನೇರವಾಗಿ ಅಥವಾ ತುಸು ಉಬ್ಬಿದ ಬಾಗಿನಲ್ಲಿ, ಬಾಲದವರೆಗೆ ಇಳಿದರೆ ಅದು ಫಾಸ್ಟ್‌ಬ್ಯಾಕ್. ಹ್ಯಾಚ್‌ಬ್ಯಾಕ್ ಎಂಬುದು ಬಾಗಿಲಿನ ಹೆಸರು: ಹಿಂಬದಿಯ ಗಾಜೂ ಅದರ ಕೆಳಗಿನ ತಗಡೂ ಒಂದೇ ಹಲಗೆಯಾಗಿ, ಚಾವಣಿಯ ಅಂಚಿನಲ್ಲಿ ಕೂಡಿಸಿದ ಕೀಲಿನ ಮೇಲೆ ಎದ್ದು, ಪ್ರಯಾಣಿಕರು ಕೂರುವ ಕೋಣೆಯನ್ನೇ ಹಿಂದಿನಿಂದ ತೆರೆದರೆ ಅದು ಹ್ಯಾಚ್‌ಬ್ಯಾಕ್. ಹಡಗಿನ ಅಟ್ಟದಲ್ಲಿ ಸರಕು ಇಳಿಸಲು ಮಾಡಿದ ಮುಚ್ಚಳದ ಬಾಗಿಲಿಗೂ ಇಂಗ್ಲಿಷಿನಲ್ಲಿ ಹ್ಯಾಚ್ ಎಂದೇ ಹೆಸರು. ಈ ಬಾಗಿಲನ್ನು ಲೆಕ್ಕಕ್ಕೆ ಸೇರಿಸಿಯೇ ‘ಐದು ಬಾಗಿಲಿನ ಕಾರು’, ‘ಮೂರು ಬಾಗಿಲಿನ ಕಾರು’ ಎಂಬ ಮಾತುಗಳು ಹುಟ್ಟಿದವು. ಥಾರ್ ರಾಕ್ಸ್ ಬಂದಾಗ ಅದನ್ನು ‘ಐದು ಬಾಗಿಲಿನ ಥಾರ್’ ಎಂದು ಕರೆದದ್ದೂ ಹಿಂಬಾಗಿಲನ್ನು ಎಣಿಸಿಯೇ.

ಎರಡು ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರಗಳು ಯಾವ ರೀತಿಯಲ್ಲಾದರೂ ಕೂಡಿಕೊಳ್ಳಬಹುದು. ಮಾರುತಿ ಸ್ವಿಫ್ಟ್ ಹ್ಯಾಚ್‌ಬ್ಯಾಕ್ ಹೌದು, ಫಾಸ್ಟ್‌ಬ್ಯಾಕ್ ಅಲ್ಲ, ಏಕೆಂದರೆ ಅದರ ಚಾವಣಿ ಕೊನೆಯವರೆಗೂ ಎತ್ತರ ಉಳಿಸಿಕೊಂಡು ನಂತರ ಥಟ್ಟನೆ ಕೆಳಗಿಳಿಯುತ್ತದೆ. ಪೋರ್ಷ 911 ಫಾಸ್ಟ್‌ಬ್ಯಾಕ್ ಹೌದು, ಹ್ಯಾಚ್‌ಬ್ಯಾಕ್ ಅಲ್ಲ. ಅದರ ಇಳಿಜಾರಿನ ಅಡಿಯಲ್ಲಿರುವುದು ಎಂಜಿನ್. ಸ್ಕೋಡಾ ಸೂಪರ್ಬ್, ಟಾಟಾ ಕರ್ವ್ ಎರಡೂ ಹೌದು. ಹಳೆಯ ಅಂಬಾಸಿಡರ್ ಎರಡೂ ಅಲ್ಲ. ಅದರ ಹಿಂದಿನ ಗಾಜು ಇಳಿದು ಡಿಕ್ಕಿಯ ಮುಚ್ಚಳವನ್ನು ಸೇರುವಲ್ಲಿ ಸ್ಪಷ್ಟವಾದ ಮೂಲೆಯಿದೆ, ಇಂಥ ಮೂಲೆಯಿರುವ ಬೆನ್ನಿಗೆ ನಾಚ್‌ಬ್ಯಾಕ್ ಎನ್ನುತ್ತಾರೆ. ಇಳಿಜಾರು ಬೆನ್ನೂ ಮೇಲೇಳುವ ಬಾಗಿಲೂ ಕೂಡಿದ ಕಾರಿಗೆ ಲಿಫ್ಟ್‌ಬ್ಯಾಕ್ ಎಂಬ ಮೂರನೆಯ ಹೆಸರು ಬಳಕೆಯಲ್ಲಿದೆ. ಅದು ಉಪಯುಕ್ತ ಹೆಸರು. ಆದರೆ ನಮ್ಮಲ್ಲಿ ಶೋರೂಮಿನಲ್ಲಿ ಅದನ್ನು ಕೇಳಿದವರು ವಿರಳ.

ಎರಡು ಪದಗಳ ಹಿಂದಿನ ಚರಿತ್ರೆಯೂ ಬೇರೆಯೇ. ಫಾಸ್ಟ್‌ಬ್ಯಾಕ್ ಹುಟ್ಟಿದ್ದು ಗಾಳಿಯ ಚಿಂತೆಯಿಂದ. ಜೆಪ್ಪೆಲಿನ್ ವಾಯುನೌಕೆಗಳ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದ ಪೌಲ್ ಯಾರೈ, ನೀರಿನ ಹನಿಯಂತೆ ಹಿಂದಕ್ಕೆ ನೀಳವಾಗಿ ಇಳಿಯುವ ಆಕಾರ ಗಾಳಿಯನ್ನು ಕಡಿಮೆ ಕದಡುತ್ತದೆ ಎಂಬ ತಿಳಿವಳಿಕೆಯನ್ನು ಕಾರುಗಳಿಗೆ ತಂದರು. ಆ ವಿಚಾರದ ಮೇಲೆ ಚೆಕೊಸ್ಲೊವಾಕಿಯಾದ ಟಾಟ್ರಾ ಕಂಪನಿ ಹಾನ್ಸ್ ಲೆಡ್ವಿಂಕಾ ಅವರ ಮುಂದಾಳತ್ವದಲ್ಲಿ 1934ರಲ್ಲಿ ಟಾಟ್ರಾ 77 ಕಾರನ್ನು ಹೊರತಂದಿತು. ಹಿಂಬದಿಯಲ್ಲಿ ಎಂಜಿನ್ ಇಟ್ಟು, ಚಾವಣಿಯನ್ನು ನೆಲದ ಕಡೆಗೆ ಉದ್ದಕ್ಕೆ ಇಳಿಸಿದ ಆ ಕಾರಿನ ನೋಟ ಇಂದಿಗೂ ಕಣ್ಣನ್ನು ಹಿಡಿದಿಡುತ್ತದೆ. ಪೂರ್ತಿ ಹನಿಯಾಕಾರ ಬೇಕೆಂದರೆ ಬಾಲ ಅಸಾಧ್ಯವಾಗುವಷ್ಟು ಉದ್ದವಾಗಬೇಕಿತ್ತು. ಇಳಿಜಾರನ್ನು ಅರ್ಧದಲ್ಲೇ ಕಡಿದು ನೇರಕ್ಕೆ ನಿಲ್ಲಿಸಿದರೂ ಲಾಭದ ಬಹುಪಾಲು ಉಳಿಯುತ್ತದೆ ಎಂದು ಜರ್ಮನಿಯ ವುನಿಬಾಲ್ಡ್ ಕಾಮ್ ಅದೇ ದಶಕದಲ್ಲಿ ತೋರಿಸಿದರು. 2003ರ ಟೊಯೊಟಾ ಪ್ರಿಯಸ್‌ನ ಕಡಿದಂಥ ಬೆನ್ನು ಆ ವಿಚಾರದ ನೇರ ವಾರಸುದಾರ.

ಅಮೆರಿಕದಲ್ಲಿ ಈ ಆಕಾರ ಗಾಳಿಗಿಂತ ಹೆಚ್ಚಾಗಿ ನೋಟದ ವಿಷಯವಾಯಿತು. ಮೆರಿಯಮ್-ವೆಬ್‌ಸ್ಟರ್ ನಿಘಂಟು ಫಾಸ್ಟ್‌ಬ್ಯಾಕ್ ಪದವನ್ನು 1954ಕ್ಕೂ ಹ್ಯಾಚ್‌ಬ್ಯಾಕ್ ಪದವನ್ನು 1970ಕ್ಕೂ ಗುರುತಿಸುತ್ತದೆ. ಆಕಾರಕ್ಕೆ ಹೆಸರು ಬಂದು ಎಷ್ಟೋ ವರ್ಷಗಳ ನಂತರ ಬಾಗಿಲಿಗೆ ಹೆಸರು ಬಂತು. 1964ರ ಏಪ್ರಿಲ್‌ನಲ್ಲಿ ಬಂದ ಪ್ಲಿಮತ್ ಬರಾಕುಡಾ ಹಿಂಬದಿಯಲ್ಲಿ ಅಗಾಧವಾದ ಬಾಗಿದ ಗಾಜನ್ನು ಹೊತ್ತು ಬಂತು, ಅದೇ ವರ್ಷ ಫೋರ್ಡ್ ಮಸ್ಟಾಂಗ್‌ನ ಫಾಸ್ಟ್‌ಬ್ಯಾಕ್ ಆವೃತ್ತಿಯೂ ಬಂತು. ಎರಡರಲ್ಲೂ ಹಿಂದಿನ ಸೀಟನ್ನು ಮಡಚಬಹುದಿತ್ತು, ಆದರೆ ಗಾಜು ಅಲುಗುತ್ತಿರಲಿಲ್ಲ. ಸಾಮಾನು ಇಡಲು ಕೆಳಗಿನ ಸಣ್ಣ ಮುಚ್ಚಳವೇ ದಾರಿ. 2016ರಲ್ಲಿ ಭಾರತಕ್ಕೆ ಬಂದ ಮಸ್ಟಾಂಗ್ ಜಿಟಿಯೂ ಹಾಗೆಯೇ ಇತ್ತು: ಫಾಸ್ಟ್‌ಬ್ಯಾಕ್ ಎಂದೇ ಹೆಸರು, ಹಿಂದೆ ಮಾತ್ರ ಸಾಧಾರಣ ಡಿಕ್ಕಿ.

ಹ್ಯಾಚ್‌ಬ್ಯಾಕ್ ಹುಟ್ಟಿದ್ದು ಸರಕಿನ ಚಿಂತೆಯಿಂದ. ವ್ಯಾಪಾರಿಗಳಿಗಾಗಿ ಸಿಟ್ರೊಯೆನ್ ಕಂಪನಿ 1938ರ ಸುಮಾರಿಗೆ ತನ್ನ ಟ್ರಾಕ್ಸಿಯೊನ್ ಅವಾಂ ಕಾರಿಗೆ ಮೇಲೆ ಕೆಳಗೆ ಎರಡು ಭಾಗವಾಗಿ ತೆರೆಯುವ ಹಿಂಬಾಗಿಲನ್ನು ಜೋಡಿಸಿ ‘ಕಮರ್ಸಿಯಾಲ್’ ಎಂಬ ಆವೃತ್ತಿ ಮಾಡಿತು. ಇದನ್ನು ಮನೆಮಂದಿಯ ಕಾರಿಗೆ ಲಕ್ಷಗಟ್ಟಲೆ ಪ್ರಮಾಣದಲ್ಲಿ ತಂದದ್ದು 1961ರ ರೆನೋ 4. ರೆನೋ ಕಂಪನಿಯ ಆಗಿನ ಮುಖ್ಯಸ್ಥ ಪಿಯೆರ್ ಡ್ರೇಫಸ್ ಅವರಿಗೆ ನಗರಕ್ಕೂ ಹಳ್ಳಿಗೂ, ವಾರದ ದುಡಿಮೆಗೂ ಭಾನುವಾರದ ತಿರುಗಾಟಕ್ಕೂ ಹೊಂದುವ ಒಂದೇ ಕಾರು ಬೇಕಿತ್ತು. ಎಂಟು ದಶಲಕ್ಷಕ್ಕೂ ಹೆಚ್ಚು ರೆನೋ 4 ಕಾರುಗಳು ತಯಾರಾದವು. 1965ರಲ್ಲಿ ರೆನೋ 16 ಇದೇ ಬಾಗಿಲನ್ನು ಮಧ್ಯಮವರ್ಗದ ದೊಡ್ಡ ಕಾರಿಗೆ ತಂದು, ಮರುವರ್ಷ ಯುರೋಪಿನ ವರ್ಷದ ಕಾರು ಎನಿಸಿಕೊಂಡಿತು. 1974ರ ಫೋಕ್ಸ್‌ವ್ಯಾಗನ್ ಗಾಲ್ಫ್ ಬರುವ ಹೊತ್ತಿಗೆ ಹ್ಯಾಚ್‌ಬ್ಯಾಕ್ ಎಂಬುದು ಯುರೋಪಿನ ಸಹಜ ಕಾರಾಗಿತ್ತು.

ಈ ಎರಡು ಹೊಳೆಗಳು ಕೂಡಿದ ಜಾಗದಲ್ಲಿ ನಮ್ಮ ವಿಷಯಕ್ಕೆ ಅತ್ಯಂತ ಗಟ್ಟಿಯಾದ ಸಾಕ್ಷ್ಯ ಸಿಗುತ್ತದೆ. 1970ರ ಸಿಟ್ರೊಯೆನ್ ಜಿಎಸ್ ನೋಡಲು ಅಚ್ಚುಕಟ್ಟಾದ ಫಾಸ್ಟ್‌ಬ್ಯಾಕ್. ಅದನ್ನು ನೋಡಿದ ಯಾರಾದರೂ ಹಿಂದಿನ ಗಾಜು ಮೇಲೇಳುತ್ತದೆ ಎಂದೇ ಭಾವಿಸಬೇಕು, ಏಳುತ್ತಿರಲಿಲ್ಲ. ಗಾಜಿನ ಕೆಳಗಿನ ತಗಡು ಮಾತ್ರ ತೆರೆಯುತ್ತಿತ್ತು. ಒಂಬತ್ತು ವರ್ಷಗಳ ನಂತರ, 1979ರಲ್ಲಿ, ಕಂಪನಿ ಅದೇ ಮೈಕಟ್ಟಿಗೆ ಗಾಜು ಸಮೇತ ಏಳುವ ಬಾಗಿಲನ್ನು ಕೊಟ್ಟು ಜಿಎಸ್ಎ ಎಂದು ಹೆಸರಿಟ್ಟಿತು. 1973ರ ಮೊದಲ ಫೋಕ್ಸ್‌ವ್ಯಾಗನ್ ಪಸಾಟ್ ಕೂಡ ಇಳಿಜಾರು ಬೆನ್ನಿನಡಿ ಸಣ್ಣ ಡಿಕ್ಕಿಯ ಮುಚ್ಚಳದೊಂದಿಗೆ ಬಂದು, 1975ರಲ್ಲಿ ಅದೇ ಆಕಾರದಲ್ಲಿ ಹ್ಯಾಚ್ ಆವೃತ್ತಿಯನ್ನೂ ಪಡೆಯಿತು. ಇಟಲಿಯ ಆಲ್ಫಾಸುಡ್ ಸುಮಾರು ಒಂಬತ್ತು ವರ್ಷ ಡಿಕ್ಕಿಯೊಂದಿಗೆ ಮಾರಾಟವಾಗಿ 1981ರಲ್ಲಿ ಹ್ಯಾಚ್ ಪಡೆಯಿತು. ಮೂರರಲ್ಲೂ ಮಾಡು ಬದಲಾಗಲಿಲ್ಲ, ಬಾಗಿಲು ಬದಲಾಯಿತು. ಫಾಸ್ಟ್‌ಬ್ಯಾಕ್ ಮತ್ತು ಹ್ಯಾಚ್‌ಬ್ಯಾಕ್ ಒಂದೇ ಅಳತೆಗೋಲಿನ ಎರಡು ತುದಿಗಳಲ್ಲ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪುರಾವೆ ಬೇಕಿಲ್ಲ.

ಬೆನ್ನು ಹೇಗೂ ಇಳಿಜಾರಾಗಿರುವಾಗ ಗಾಜನ್ನೂ ಸೇರಿಸಿ ಎತ್ತುವ ಬಾಗಿಲನ್ನು ಕೊಡದೆ ಇರಲು ಕಾರಣವೇನು ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಕಾರಣಗಳು ಗಂಭೀರವಾದವು. ಡಿಕ್ಕಿಯಿರುವ ಕಾರಿನಲ್ಲಿ ಸಾಮಾನ್ಯವಾಗಿ ಹಿಂದಿನ ಸೀಟಿನ ಬೆನ್ನಿಗೆ ಒಂದು ಲೋಹದ ಅಡ್ಡಗೋಡೆಯೂ, ಗಾಜಿನ ಕೆಳಗೆ ಒಂದು ಲೋಹದ ಹಲಗೆಯೂ ಇರುತ್ತವೆ. ಪೆಟ್ಟಿಗೆಗೆ ಮುಚ್ಚಳ ಬಿಗಿದಂತೆ ಇವು ಕಾರಿನ ಮೈ ತಿರುಚಿಕೊಳ್ಳದಂತೆ ಹಿಡಿದಿಡುತ್ತವೆ. ಹ್ಯಾಚ್ ಬೇಕೆಂದರೆ ಇವೆರಡನ್ನೂ ತೆಗೆಯಬೇಕು. ಆಗ ಮೈಯ ಹಿಂಬದಿ ತೆರೆದ ಬಾಯಿಯಾಗುತ್ತದೆ. ಆ ಬಾಯಿಯ ಸುತ್ತಲಿನ ಚೌಕಟ್ಟನ್ನು ಹೆಚ್ಚು ಉಕ್ಕಿನಿಂದ ಬಲಪಡಿಸಬೇಕು, ಅದರಿಂದ ತೂಕವೂ ಖರ್ಚೂ ಏರುತ್ತವೆ. ಅಡ್ಡಗೋಡೆ ಹೋದ ಮೇಲೆ ಹಿಂದಿನ ಚಕ್ರಗಳ ಸದ್ದು ತಡೆಯಿಲ್ಲದೆ ಒಳಗೆ ಬರುತ್ತದೆ. ಇದೆಲ್ಲಕ್ಕಿಂತ ಬಿಕ್ಕಟ್ಟಿನ ಸಂಗತಿ ತಲೆಯ ಮೇಲಿನ ಜಾಗ. ಹ್ಯಾಚ್‌ನ ಕೀಲುಗಳನ್ನು ಹೊರಲು ಚಾವಣಿಗೆ ಅಡ್ಡಲಾಗಿ ದಪ್ಪ ತೊಲೆಯೊಂದು ಬೇಕು. ಇಳಿಜಾರು ಮಾಡಿನಲ್ಲಿ ಆ ತೊಲೆ ಸರಿಯಾಗಿ ಹಿಂದೆ ಕೂತವರ ನೆತ್ತಿಯ ಮೇಲೆ ಬರುತ್ತದೆ.

ಟೆಸ್ಲಾ ಕಂಪನಿಯ ಎರಡು ಕಾರುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಇದು ಸ್ಪಷ್ಟವಾಗುತ್ತದೆ. 2012ರ ಮಾಡೆಲ್ ಎಸ್ ದೊಡ್ಡದು, ಅದಕ್ಕೆ ಪೂರ್ಣ ಹ್ಯಾಚ್ ಇದೆ. ಅದೇ ಬಗೆಯ ಬೆನ್ನಿನ ಚಿಕ್ಕ ಮಾಡೆಲ್ 3ಕ್ಕೆ ಇಲ್ಲ. ಹಿಂದೆ ಕೂತವರಿಗೆ ತಲೆಜಾಗ ಸಿಗಬೇಕಾದರೆ ಚಾವಣಿಯ ಅಡ್ಡತೊಲೆಯನ್ನು ಹಿಂದಕ್ಕೆ ಸರಿಸಲೇಬೇಕಾಯಿತು ಎಂದು ಇಲಾನ್ ಮಸ್ಕ್ 2016ರಲ್ಲಿ ವಿವರಣೆ ಕೊಟ್ಟಿದ್ದರು. ಮರ್ಸಿಡಿಸ್ ಬೆಂಜ್‌ನ ವಿದ್ಯುತ್ ಕಾರುಗಳಲ್ಲೂ ಇದೇ ಜೋಡಿ ಇದೆ: ಇಕ್ಯೂಎಸ್‌ಗೆ ಗಾಜು ಸಮೇತ ಏಳುವ ಬಾಗಿಲು, ಅದರ ತಮ್ಮನಂತೆಯೇ ಕಾಣುವ ಇಕ್ಯೂಇ ಸೆಡಾನ್‌ಗೆ ಬರೀ ಡಿಕ್ಕಿಯ ಮುಚ್ಚಳ. ಬಿಎಂಡಬ್ಲ್ಯು ತನ್ನ 4 ಸೀರೀಸ್ ಗ್ರಾನ್ ಕೂಪೆಗೆ ಹ್ಯಾಚ್ ಕೊಟ್ಟು, 2 ಸೀರೀಸ್ ಗ್ರಾನ್ ಕೂಪೆಗೆ ಕೊಡದೆ, ಎರಡಕ್ಕೂ ಒಂದೇ ಹೆಸರಿಟ್ಟಿತು. ಹೆಸರನ್ನು ನಂಬಿ ಕಾರು ಕೊಳ್ಳುವುದು ಏಕೆ ಸಲ್ಲದು ಎಂಬುದಕ್ಕೆ ಆ ಜೋಡಿ ಒಳ್ಳೆಯ ನಿದರ್ಶನ.

ಎರಡೂ ಬಗೆಯ ಬಾಗಿಲನ್ನು ಒಂದೇ ಕಾರಿನಲ್ಲಿ ಕೊಡುವ ಪ್ರಯತ್ನವೂ ನಡೆದಿದೆ, ಅದನ್ನು ನಮ್ಮ ಜನರೂ ಬಳಸಿದ್ದಾರೆ. 2008ರಲ್ಲಿ ರೂಪುಗೊಂಡು ಮರುವರ್ಷ ಭಾರತಕ್ಕೆ ಬಂದ ಎರಡನೇ ತಲೆಮಾರಿನ ಸ್ಕೋಡಾ ಸೂಪರ್ಬ್‌ನಲ್ಲಿ ‘ಟ್ವಿನ್‌ಡೋರ್’ ಎಂಬ ಏರ್ಪಾಡಿತ್ತು. ಒಂದು ಗುಂಡಿ ಒತ್ತಿದರೆ ಕೆಳಗಿನ ಮುಚ್ಚಳ ಮಾತ್ರ ಸೆಡಾನ್‌ನಂತೆ ತೆರೆಯುತ್ತಿತ್ತು. ಇನ್ನೊಂದು ಗುಂಡಿ ಒತ್ತಿದರೆ, ಒಳಗಿನ ಕೀಲುಗಳು ಬದಲಾಗಿ, ಗಾಜೂ ಸೇರಿ ಇಡೀ ಬೆನ್ನು ಮೇಲೇಳುತ್ತಿತ್ತು. ಚಳಿಯಲ್ಲೋ ಮಳೆಯಲ್ಲೋ ಒಳಗೆ ಕೂತವರ ಮೇಲೆ ಗಾಳಿ ಬೀಸದಂತೆ ಸಣ್ಣ ಚೀಲವೊಂದನ್ನು ಇಡಲು ಮೊದಲನೆಯದು, ದೊಡ್ಡ ಸಾಮಾನಿಗೆ ಎರಡನೆಯದು. ಎಂಜಿನಿಯರಿಂಗ್ ದೃಷ್ಟಿಯಿಂದ ಅದು ಬಹಳ ಸೊಗಸಾದ ಕೆಲಸ ಎಂದು ನನ್ನ ಅಭಿಪ್ರಾಯ. ಆದರೆ ಮೂರನೇ ತಲೆಮಾರಿನಲ್ಲಿ ಕಂಪನಿ ಅದನ್ನು ಕೈಬಿಟ್ಟು ಸರಳವಾದ ಹ್ಯಾಚ್ ಒಂದನ್ನೇ ಉಳಿಸಿಕೊಂಡಿತು.

ಇನ್ನು ಗಾಳಿಯ ವಿಷಯ. ಫಾಸ್ಟ್‌ಬ್ಯಾಕ್ ಆದ ಮಾತ್ರಕ್ಕೆ ಕಾರು ಗಾಳಿಯನ್ನು ಸಲೀಸಾಗಿ ಸೀಳುತ್ತದೆ ಎಂಬ ನಂಬಿಕೆ ಪೂರ್ತಿ ನಿಜವಲ್ಲ, ಮತ್ತು ಇದು ಸ್ವಲ್ಪ ನಿಂತು ನೋಡಬೇಕಾದ ಸಂಗತಿ. ಕಾರಿಗೆ ಗಾಳಿ ಒಡ್ಡುವ ತಡೆಯ ದೊಡ್ಡ ಭಾಗ ಹುಟ್ಟುವುದು ಮುಂಭಾಗದಲ್ಲಲ್ಲ, ಹಿಂಭಾಗದಲ್ಲಿ. ಮೈಯನ್ನು ಬಿಟ್ಟು ಹೋಗುವ ಗಾಳಿ ಹಿಂದೆ ಒತ್ತಡ ಕಡಿಮೆಯಾದ ಒಂದು ಟೊಳ್ಳನ್ನು ಉಂಟುಮಾಡಿ ಕಾರನ್ನು ಹಿಂದಕ್ಕೆಳೆಯುತ್ತದೆ. 1984ರಲ್ಲಿ ಅಹ್ಮದ್, ರಾಮ್ ಮತ್ತು ಫಾಲ್ಟಿನ್ ಎಂಬ ಸಂಶೋಧಕರು, ಮೂಲೆಗಳನ್ನು ದುಂಡಗೆ ಮಾಡಿದ ಒಂದು ಸರಳ ಪೆಟ್ಟಿಗೆಯ ಬೆನ್ನನ್ನು ಬೇರೆ ಬೇರೆ ಕೋನಗಳಲ್ಲಿ ಇಳಿಸಿ ಅಳತೆ ಮಾಡಿದರು. ಆ ಪೆಟ್ಟಿಗೆ ‘ಅಹ್ಮದ್ ಬಾಡಿ’ ಎಂಬ ಹೆಸರಿನಲ್ಲಿ ಇಂದಿಗೂ ಜಗತ್ತಿನಾದ್ಯಂತ ಪಾಠವಾಗಿದೆ. ಇಳಿಜಾರು ಸುಮಾರು 12 ಡಿಗ್ರಿಯ ಆಸುಪಾಸಿನಲ್ಲಿದ್ದಾಗ ಗಾಳಿ ಬೆನ್ನಿಗೆ ಅಂಟಿಕೊಂಡೇ ಇಳಿದು ತಡೆ ಅತ್ಯಂತ ಕಡಿಮೆಯಾಗುತ್ತದೆ. ಕೋನ ಹೆಚ್ಚಿದಂತೆ ಎರಡೂ ಪಕ್ಕದ ಅಂಚುಗಳಿಂದ ಹಗ್ಗ ಹೊಸೆದಂಥ ಸುಳಿಗಳು ಎದ್ದು ತಡೆ ಏರುತ್ತಾ, 30 ಡಿಗ್ರಿಯ ಹತ್ತಿರ ಗರಿಷ್ಠವನ್ನು ಮುಟ್ಟುತ್ತದೆ. ಅದನ್ನು ದಾಟಿದೊಡನೆ ಗಾಳಿ ಬೆನ್ನನ್ನು ಪೂರ್ತಿ ಬಿಟ್ಟುಬಿಟ್ಟು, ತಡೆ ಥಟ್ಟನೆ ಕುಸಿದು, ನೆಟ್ಟಗೆ ಕಡಿದ ಬೆನ್ನಿನ ಮಟ್ಟಕ್ಕೆ ಬರುತ್ತದೆ. ಅಂದರೆ ಸ್ವಲ್ಪ ಹೆಚ್ಚು ಕಡಿದಾಗಿ ಇಳಿದ ಫಾಸ್ಟ್‌ಬ್ಯಾಕ್, ನೆಟ್ಟಗೆ ನಿಂತ ಹ್ಯಾಚ್‌ಬ್ಯಾಕಿಗಿಂತ ಕೆಟ್ಟದಾಗಿರಲು ಸಾಧ್ಯ.

ಇಳಿಜಾರು ಬೆನ್ನಿಗೆ ಇನ್ನೊಂದು ಬಾಧೆಯೂ ಇದೆ. ಅದರ ಮೇಲೆ ಅಂಟಿ ಹರಿಯುವ ಗಾಳಿ ವಿಮಾನದ ರೆಕ್ಕೆಯ ಮೇಲಿನಂತೆ ಒತ್ತಡವನ್ನು ತಗ್ಗಿಸಿ ಹಿಂದಿನ ಚಕ್ರಗಳನ್ನು ನೆಲದಿಂದ ಎತ್ತಲು ನೋಡುತ್ತದೆ. 1998ರಲ್ಲಿ ಬಂದ ಆಡಿ ಟಿಟಿ, ದುಂಡನೆಯ ಇಳಿಜಾರು ಬೆನ್ನೂ ಹ್ಯಾಚ್ ಬಾಗಿಲೂ ಇದ್ದ ಕಾರು. ಜರ್ಮನಿಯ ಹೆದ್ದಾರಿಗಳಲ್ಲಿ ಅತಿವೇಗದಲ್ಲಿ ಅಪಘಾತಗಳು ನಡೆದ ಮೇಲೆ ಕಂಪನಿ ಕಾರುಗಳನ್ನು ಹಿಂದಕ್ಕೆ ಕರೆಸಿ ಬೆನ್ನಿನ ತುದಿಗೆ, ಈ ಎತ್ತುವಿಕೆಯನ್ನು ತಗ್ಗಿಸುವ ಸ್ಪಾಯ್ಲರ್ ಎಂಬ ಪಟ್ಟಿಯನ್ನು ಜೋಡಿಸಬೇಕಾಯಿತು. ಇಂದಿನ ಇಳಿಜಾರು ಬೆನ್ನಿನ ಕಾರುಗಳ ಕೊನೆಯಲ್ಲಿ ಬಾತುಕೋಳಿಯ ಬಾಲದಂತೆ ಮೇಲೆದ್ದ ಅಂಚು ಕಾಣುವುದು ಬರೀ ಅಲಂಕಾರಕ್ಕಲ್ಲ.

ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟೂ, ಅದನ್ನು ಮೀರಲು ಬೇಕಾದ ಶಕ್ತಿ ಎಂಟರಷ್ಟೂ ಆಗುತ್ತದೆ. ಆದ್ದರಿಂದ ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ತೆವಳುವ ಕಾರಿಗೆ ಬೆನ್ನಿನ ಆಕಾರದಿಂದ ಯಾವ ಪ್ರಯೋಜನವೂ ಇಲ್ಲ. ಮೈಸೂರು ಹೆದ್ದಾರಿಯಲ್ಲಿ ಗಂಟೆಗೆ 100 ಕಿಲೋಮೀಟರ್ ಮಿತಿಯ ಹತ್ತಿರ ಓಡುವ ವಿದ್ಯುತ್ ಕಾರಿಗೆ ಅದೇ ಆಕಾರದಿಂದ ಒಂದಿಷ್ಟು ಹೆಚ್ಚು ದೂರ ಸಿಗುತ್ತದೆ. ಗಾಳಿಯ ತಡೆಯನ್ನು ಸೂಚಿಸುವ ಎಳೆತದ ಗುಣಾಂಕ ಇಕ್ಯೂಎಸ್‌ಗೆ 0.20, ಬಿವೈಡಿ ಸೀಲ್‌ನದು 0.219. ಇಷ್ಟು ಕಡಿಮೆ ಅಂಕಿಗಳನ್ನು ನೆಟ್ಟಗೆ ಕಡಿದ ಬೆನ್ನಿನ ಸಣ್ಣ ಹ್ಯಾಚ್‌ಬ್ಯಾಕಿನಿಂದ ಪಡೆಯುವುದು ಬಹಳ ಕಷ್ಟ. ಇವೆರಡರಲ್ಲಿ ಇಕ್ಯೂಎಸ್‌ಗೆ ಹ್ಯಾಚ್ ಇದೆ, ಸೀಲ್‌ಗೆ ಇಲ್ಲ. ಬಾಗಿಲಿನ ಬಗ್ಗೆ ಗಾಳಿಗೆ ಚಿಂತೆಯಿಲ್ಲ.

ಭಾರತದಲ್ಲಿ ಗೊಂದಲಕ್ಕೆ ಇನ್ನೊಂದು ಪದರವಿದೆ. ಇಲ್ಲಿ ಹ್ಯಾಚ್‌ಬ್ಯಾಕ್ ಎಂಬುದು ಬಾಗಿಲಿನ ಹೆಸರಾಗಿ ಉಳಿಯಲಿಲ್ಲ, ಅಂತಸ್ತಿನ ಹೆಸರಾಯಿತು. ಮಾರುತಿ 800, ಜೆನ್, ಸ್ಯಾಂಟ್ರೊ, ಇಂಡಿಕಾ, ವ್ಯಾಗನ್ ಆರ್ ಹೀಗೆ ಮಧ್ಯಮವರ್ಗದ ಮೊದಲ ಕಾರುಗಳೆಲ್ಲ ಹ್ಯಾಚ್‌ಬ್ಯಾಕ್‌ಗಳೇ ಆದ್ದರಿಂದ, ಹ್ಯಾಚ್‌ಬ್ಯಾಕ್ ಎಂದರೆ ಚಿಕ್ಕದು, ಅಗ್ಗದ್ದು ಎಂಬ ಅರ್ಥ ಬೇರೂರಿತು. ಹಿಂದೆ ಪ್ರತ್ಯೇಕ ಡಿಕ್ಕಿ ಚಾಚಿಕೊಂಡಿದ್ದರೆ ಅದು ದೊಡ್ಡವರ ಕಾರು. ಮದುವೆ ಮನೆಯ ಮುಂದೆ ನಿಂತ ಕಾರಿಗೆ ‘ಡಿಕ್ಕಿ ಇದೆಯಾ’ ಎಂಬುದು ಸಾಮಾನಿನ ಪ್ರಶ್ನೆಯಾಗಿರಲಿಲ್ಲ. ಉದ್ಯಮದ ಹಳೆಯ ವರ್ಗೀಕರಣ ಕೂಡ ಕಾರುಗಳನ್ನು ಎ1, ಎ2, ಎ3 ಎಂದು ಉದ್ದದ ಮೇಲೆ ವಿಂಗಡಿಸುತ್ತಿತ್ತೇ ಹೊರತು ಮೈಕಟ್ಟಿನ ಮೇಲಲ್ಲ.

ಇದರಿಂದ ಪೆಟ್ಟು ತಿಂದದ್ದು ಲಿಫ್ಟ್‌ಬ್ಯಾಕ್. ಇಂಗ್ಲೆಂಡಿನಲ್ಲಿ 1976ರಲ್ಲಿ ಬಂದು 1977ರ ಯುರೋಪಿನ ವರ್ಷದ ಕಾರು ಎನಿಸಿಕೊಂಡ ರೋವರ್ ಎಸ್‌ಡಿ1, ಇಳಿಜಾರು ಬೆನ್ನಿಗೆ ಹ್ಯಾಚ್ ಬಾಗಿಲು ಕೂಡಿಸಿದ ದೊಡ್ಡ ಕಾರು. 1985ರಲ್ಲಿ ಮದ್ರಾಸಿನ ಸ್ಟ್ಯಾಂಡರ್ಡ್ ಕಂಪನಿ ಅದನ್ನು ಸ್ಟ್ಯಾಂಡರ್ಡ್ 2000 ಎಂಬ ಹೆಸರಿನಲ್ಲಿ ಇಲ್ಲಿ ತಯಾರಿಸಿತು. ಆದರೆ ಒಳಗೆ ಇಟ್ಟದ್ದು ಹಳೆಯ ಕಾಲದ ಎರಡು ಲೀಟರ್ ಎಂಜಿನ್, ಕೆಲವೇ ವರ್ಷಗಳಲ್ಲಿ ಆ ಕಾರಿನ ಕಥೆ ಮುಗಿಯಿತು. ಹ್ಯುಂಡೈ ಕಂಪನಿ ಆಕ್ಸೆಂಟ್ ಕಾರಿಗೆ ವೀವಾ ಎಂಬ ಹ್ಯಾಚ್ ಆವೃತ್ತಿ ತಂದಾಗಲೂ ಜನ ಡಿಕ್ಕಿಯ ಆಕ್ಸೆಂಟ್ ಅನ್ನೇ ಆರಿಸಿದರು. ಗೆದ್ದದ್ದು ಸ್ಕೋಡಾ ಆಕ್ಟೇವಿಯಾ. 2001ರಲ್ಲಿ ಬಂದ ಅದಕ್ಕೆ ಗಾಜು ಸಮೇತ ಏಳುವ ಹಿಂಬಾಗಿಲಿತ್ತು. ಆದರೆ ಹೊರಗಿನಿಂದ ಡಿಕ್ಕಿಯಿರುವ ಸೆಡಾನ್‌ನಂತೆಯೇ ಕಾಣುತ್ತಿತ್ತು, ಎಲ್ಲರೂ ಅದನ್ನು ಸೆಡಾನ್ ಎಂದೇ ಕರೆದರು. ಹ್ಯಾಚ್‌ಬ್ಯಾಕ್ ಎಂದು ಕರೆಸಿಕೊಂಡಿದ್ದರೆ ಆ ಬೆಲೆಗೆ ಅಷ್ಟು ಮಾರಾಟವಾಗುತ್ತಿತ್ತು ಎಂದು ನಾನು ನಂಬುವುದಿಲ್ಲ. ಇದಕ್ಕೆ ತಿರುಗು ಉದಾಹರಣೆ 2017ರ ಟಾಟಾ ಟಿಗೋರ್: ಇಳಿಜಾರಿನಂತೆ ತೋರುವ ಬೆನ್ನು, ಒಳಗೆ ಪ್ರತ್ಯೇಕ ಡಿಕ್ಕಿ, ಜಾಹೀರಾತಿನಲ್ಲಿ ‘ಸ್ಟೈಲ್‌ಬ್ಯಾಕ್’ ಎಂಬ ಹೊಸ ಹೆಸರು.

ಹಾಗಿದ್ದರೆ ಇಳಿಜಾರು ಬೆನ್ನು ಈಗೇಕೆ, ಅದೂ ಎತ್ತರದ ಎಸ್‌ಯುವಿಗಳ ಮೇಲೆ, ಬಂತು? ಫ್ಯಾಷನ್ ಎಂದು ಹೇಳಿ ಮುಗಿಸಬಹುದು. ಆದರೆ ತೆರಿಗೆಯ ಲೆಕ್ಕವನ್ನು ಪಕ್ಕದಲ್ಲಿಟ್ಟರೆ ಇನ್ನೊಂದು ಕಾರಣ ಕಾಣುತ್ತದೆ. 2006ರ ಬಜೆಟ್‌ನಿಂದ ಈಚೆಗೆ ನಾಲ್ಕು ಮೀಟರ್ ಉದ್ದದ ಒಳಗಿನ, ಚಿಕ್ಕ ಎಂಜಿನ್ನಿನ ಕಾರುಗಳಿಗೆ ಕಡಿಮೆ ತೆರಿಗೆ ಎಂಬ ನಿಯಮ ನಮ್ಮ ಕಾರುಗಳ ಆಕಾರವನ್ನು ತಿದ್ದುತ್ತಾ ಬಂದಿದೆ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ದರಗಳಲ್ಲೂ ಅಂಥ ಸಣ್ಣ ಕಾರುಗಳಿಗೆ ಶೇ 18, ದೊಡ್ಡವಕ್ಕೆ ಶೇ 40. ಈಗ ರೇಖಾಗಣಿತದ ಸಣ್ಣ ಲೆಕ್ಕ ಮಾಡೋಣ. ಚಾವಣಿಯ ಗೆರೆ ಅರ್ಧ ಮೀಟರ್ ಕೆಳಗಿಳಿಯಬೇಕು ಎಂದುಕೊಂಡರೆ, 30 ಡಿಗ್ರಿ ಕೋನದಲ್ಲಿ ಅದಕ್ಕೆ ಸುಮಾರು 87 ಸೆಂಟಿಮೀಟರ್ ಉದ್ದ ಸಾಕು. ಗಾಳಿಗೆ ಹಿತವಾದ 15 ಡಿಗ್ರಿಯಲ್ಲಿ ಇಳಿಯಲು 1.87 ಮೀಟರ್ ಬೇಕು. ನಾಲ್ಕು ಮೀಟರಿನ ಕಾರಿನಲ್ಲಿ ಅಷ್ಟು ಉದ್ದವನ್ನು ಹಿಂದೆ ಕೂತವರ ತಲೆಯ ಜಾಗದಿಂದಲೇ ಕಿತ್ತುಕೊಳ್ಳಬೇಕಾಗುತ್ತದೆ. ಆದ್ದರಿಂದ ಆ ಮಿತಿಯೊಳಗೆ ನೆಟ್ಟ ಬೆನ್ನಿನ ಹ್ಯಾಚ್‌ಬ್ಯಾಕ್ ಮತ್ತು ಮೊಟಕು ಡಿಕ್ಕಿಯ ಸೆಡಾನ್ ಮಾತ್ರ ಬೆಳೆದವು, ನಿಜವಾದ ಫಾಸ್ಟ್‌ಬ್ಯಾಕ್ ಬೆಳೆಯಲಿಲ್ಲ. ವಿದ್ಯುತ್ ಕಾರಿಗಾದರೋ ಉದ್ದ ಎಷ್ಟೇ ಇದ್ದರೂ ಜಿಎಸ್‌ಟಿ ಶೇ 5 ಮಾತ್ರ, ಅಲ್ಲದೆ ಗಾಳಿಯ ತಡೆ ಕಡಿಮೆಯಾದಷ್ಟೂ ಬ್ಯಾಟರಿಗೆ ಲಾಭ. 4.3 ಮೀಟರಿನ ಕರ್ವ್ ಇವಿ ಮತ್ತು 4.8 ಮೀಟರಿಗೆ ಹತ್ತಿರದ ಎಕ್ಸ್‌ಇವಿ 9ಇ ಇಳಿಜಾರು ಬೆನ್ನಿಗೆ ಜಾಗ ಕಂಡುಕೊಂಡದ್ದರಲ್ಲಿ ಈ ಎರಡು ಕಾರಣಗಳ ಪಾಲು ದೊಡ್ಡದು ಎಂಬುದು ನನ್ನ ತರ್ಕ.

ಮನೆಮಂದಿಯ ಬಳಕೆಗೆ ಬಂದರೆ, ಬ್ರೋಷರಿನಲ್ಲಿ ಅಚ್ಚಾದ ಲೀಟರ್‌ಗಳ ಸಂಖ್ಯೆ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ. ಬಸಾಲ್ಟ್‌ಗೆ 470 ಲೀಟರ್, ಕರ್ವ್‌ಗೆ 500, ಎಕ್ಸ್‌ಇವಿ 9ಇಗೆ 663. ಹಿಂಬದಿಯ ಜಾಗವನ್ನು ಅಳೆಯುವ ಜರ್ಮನ್ ಪದ್ಧತಿಯಲ್ಲಿ ತಲಾ ಒಂದು ಲೀಟರಿನ ಸಣ್ಣ ಇಟ್ಟಿಗೆಗಳನ್ನು ಜೋಡಿಸುತ್ತಾ ಹೋಗುತ್ತಾರೆ. ಸಣ್ಣ ಇಟ್ಟಿಗೆ ಇಳಿಜಾರಿನ ಮೂಲೆಗೂ ಹೊಂದಿಕೊಳ್ಳುತ್ತದೆ, ಬಟ್ಟೆ ಒಗೆಯುವ ಯಂತ್ರ ಹೊಂದಿಕೊಳ್ಳುವುದಿಲ್ಲ. ಎತ್ತರವಾದ, ಚೌಕಾಕಾರದ ವಸ್ತುವನ್ನು ನಿಲ್ಲಿಸಿ ಸಾಗಿಸಲು ನೆಟ್ಟ ಬೆನ್ನಿನ ಹ್ಯಾಚ್‌ಬ್ಯಾಕಿಗೆ ಸಾಟಿಯಿಲ್ಲ. ಉದ್ದವಾದ, ಮಲಗಿಸಬಹುದಾದ ವಸ್ತುವಿಗೆ ಹ್ಯಾಚ್ ಇರುವ ಫಾಸ್ಟ್‌ಬ್ಯಾಕ್ ಒಳ್ಳೆಯದು. ಹ್ಯಾಚ್ ಇಲ್ಲದ ಫಾಸ್ಟ್‌ಬ್ಯಾಕಿನಲ್ಲಿ ಒಳಗಿನ ಜಾಗ ಎಷ್ಟೇ ಇರಲಿ, ಕಿರಿದಾದ ಬಾಯಿಯ ಮೂಲಕ ತುರುಕಲು ಆಗುವಷ್ಟೇ ನಿಮ್ಮದು.

ಮೇಲೇಳುವ ಬಾಗಿಲಿಗೂ ಅದರ ಬೆಲೆಯಿದೆ. ಸಾಮಾನಿನ ಜಾಗ ಮತ್ತು ಕೂರುವ ಜಾಗ ಒಂದೇ ಕೋಣೆಯಾದ್ದರಿಂದ, ಊರಿನಿಂದ ತಂದ ಹಲಸಿನ ಹಣ್ಣಿನದೋ ಮಲ್ಪೆಯಿಂದ ತಂದ ಮೀನಿನದೋ ವಾಸನೆ ದಾರಿಯುದ್ದಕ್ಕೂ ಜೊತೆಗಿರುತ್ತದೆ. ಇಳಿಜಾರು ಬೆನ್ನಿನ ಅಗಲವಾದ ಗಾಜು ಬಿಸಿಲನ್ನು ನೇರವಾಗಿ ಹಿಂದೆ ಕೂತವರ ಕತ್ತಿನ ಮೇಲೆ ಸುರಿಯುತ್ತದೆ, ಎಸಿ ಹೆಚ್ಚು ಜಾಗವನ್ನು ತಣಿಸಬೇಕಾಗುತ್ತದೆ. ಒಳಗನ್ನಡಿಯಲ್ಲಿ ಹಿಂದಿನ ರಸ್ತೆ ಒಂದು ಸಪೂರ ಸೀಳಾಗಿ ಮಾತ್ರ ಕಾಣುತ್ತದೆ. ನೆಟ್ಟ ಬೆನ್ನಿನ ಹ್ಯಾಚ್‌ಬ್ಯಾಕಿನಲ್ಲಿ ಗಾಜು ನೋಟಕ್ಕೆ ಅನುಕೂಲ, ಆದರೆ ಹಿಂದಿನ ಸುಳಿಗಾಳಿ ಕೆಸರನ್ನು ಎತ್ತಿ ಅದರ ಮೇಲೆ ಎರಚುವುದರಿಂದ ವೈಪರ್ ಇಲ್ಲದೆ ಮಳೆಗಾಲ ಕಳೆಯುವುದು ಕಷ್ಟ.

ಇವೆಲ್ಲಕ್ಕಿಂತ ಮುಖ್ಯವಾದ ಒಂದು ಸಂಗತಿಯನ್ನು ನಮ್ಮ ರಸ್ತೆಗಳಲ್ಲಿ ಬಹಳ ಹಗುರವಾಗಿ ತೆಗೆದುಕೊಳ್ಳಲಾಗುತ್ತಿದೆ. ಹಿಂದಿನ ಸೀಟು ಮಡಚದ ಸೆಡಾನ್‌ನ ಡಿಕ್ಕಿಯಲ್ಲಿಟ್ಟ ಭಾರ, ಥಟ್ಟನೆ ಬ್ರೇಕ್ ಹಾಕಿದಾಗ, ಲೋಹದ ಅಡ್ಡಗೋಡೆಗೆ ಹೋಗಿ ತಾಗುತ್ತದೆ. ಹ್ಯಾಚ್ ಇರುವ ಕಾರಿನಲ್ಲಿ, ಬೆನ್ನು ಇಳಿಜಾರಾಗಿರಲಿ ನೆಟ್ಟಗಿರಲಿ, ಆ ಭಾರವನ್ನು ತಡೆಯಬೇಕಾದದ್ದು ಹಿಂದಿನ ಸೀಟಿನ ಬೆನ್ನು ಮತ್ತು ಅದರ ಕೊಂಡಿ ಮಾತ್ರ. ಸೀಟಿನ ಮಟ್ಟಕ್ಕಿಂತ ಮೇಲೆ ಪೇರಿಸಿದ್ದನ್ನು ತಡೆಯಲು ಏನೂ ಇಲ್ಲ. ಗಾಜಿನ ಕೆಳಗಿನ ಪಾರ್ಸೆಲ್ ಟ್ರೇ ಬರೀ ಮರೆಗೆ ಇಟ್ಟ ಹಗುರ ಹಲಗೆ, ಅದರ ಮೇಲೆ ನೀರಿನ ಬಾಟಲಿ, ಸ್ಪೀಕರ್, ದೇವರ ಫೋಟೊ ಇಡುವ ರೂಢಿ ಹಿಂದೆ ಕೂತ ಮಕ್ಕಳ ತಲೆಗೆ ಅಪಾಯ. ಕಾರು ನೋಡಲು ಹೋದಾಗ ಹಿಂಬದಿಯ ಗುಂಡಿಯನ್ನು ಒತ್ತಿ, ಗಾಜು ಮುಚ್ಚಳದ ಜೊತೆ ಏಳುತ್ತದೆಯೇ ಇಲ್ಲವೇ ಎಂದು ಮೊದಲು ನೋಡಿ. ಎದ್ದರೆ, ನೆಲದ ಮೂಲೆಗಳಲ್ಲಿ ಸಾಮಾನನ್ನು ಕಟ್ಟಿಹಾಕಲು ಲೋಹದ ಉಂಗುರಗಳಿವೆಯೇ, ಸೀಟಿನ ಬೆನ್ನು ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆಯೇ ಎಂದು ಕೈಯಿಂದ ಎಳೆದು ಪರೀಕ್ಷಿಸಿ.